ಫ್ಯಾನಿ ಕ್ರಾಸ್ಬಿಯವರ ಜೀವನವನ್ನು ಒಂದು ಸಂಜೆಯ ಗಾಯನ ಸಭೆಯಲ್ಲಿ ನಿರೂಪಿಸುವ ಕ್ರಮ

ಸಭೆಯ ಸ್ತ್ರೀಯರ ಕೂಟವಾಗಲಿ, ಗಾನವೃಂದವಾಗಲಿ, ಕ್ರೈಸ್ತ ಸಭಾಗೀತೆಗಳನ್ನು ಬರೆದ ಅಂಧ ಕವಯಿತ್ರಿ ಫ್ಯಾನಿ ಕ್ರಾಸ್ಬಿಯವರ ಜೀವನವನ್ನು ಹಾಡು ಮತ್ತು ನಿರೂಪಣೆಯೊಂದಿಗೆ ಒಂದು ಸಂಜೆ ಪ್ರಸ್ತುತಪಡಿಸಬೇಕೆಂದಿದ್ದರೆ, ಏನನ್ನು ಹೇಳಬೇಕು ಎನ್ನುವುದಕ್ಕಿಂತ ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಎನ್ನುವುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಅವರು 1820ರ ಮಾರ್ಚ್ 24ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ, 1915ರ ಫೆಬ್ರವರಿ 12ರಂದು ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್‌ನಲ್ಲಿ ತೀರಿಕೊಂಡರು. ಇಷ್ಟು ದೀರ್ಘವಾದ ಬಾಳನ್ನು ಒಂದೂವರೆ ಗಂಟೆಯಲ್ಲಿ ಹೇಳಹೊರಟವರು ಸಾಮಾನ್ಯವಾಗಿ ಅವರ ಕುರುಡುತನಕ್ಕೆ ಅರ್ಧ ಸಮಯವನ್ನು, ಎಂಟು ಸಾವಿರಕ್ಕೂ ಹೆಚ್ಚು ಗೀತೆಗಳೆಂಬ ಲೆಕ್ಕಕ್ಕೆ ಉಳಿದರ್ಧವನ್ನು ಕೊಟ್ಟುಬಿಡುತ್ತಾರೆ. ಇದರಿಂದ ಕೇಳುಗರಲ್ಲಿ ಬೆರಗು ಹುಟ್ಟುತ್ತದೆ, ಆದರೆ ಆ ಹೆಣ್ಣುಮಗಳ ಪರಿಚಯವಾಗುವುದಿಲ್ಲ. ಅವರು ದಿನದಿನವೂ ಮಾಡಿದ ಕೆಲಸವನ್ನು ಮುಂದಿಟ್ಟು ಹೇಳುವುದೇ ಅವರಿಗೆ ಸಲ್ಲಿಸುವ ನಿಜವಾದ ಗೌರವವೆಂದು ನಾನು ನಂಬಿದ್ದೇನೆ.

ಬಾಲ್ಯಕ್ಕೆ ಹತ್ತು ನಿಮಿಷ ಸಾಕು. ಆರು ವಾರದ ಕೂಸಾಗಿದ್ದಾಗ ಕಣ್ಣಿಗೆ ಸೋಂಕು ತಗುಲಿ, ಸಾಸಿವೆಯ ಪಟ್ಟು ಹಾಕಿದ ಚಿಕಿತ್ಸೆಯಿಂದಲೇ ದೃಷ್ಟಿ ಹೋಯಿತೆಂದು ಮನೆಯವರು ನಂಬಿದ್ದರು. ಮಗುವಿಗೆ ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಪರರ ಮನೆಗೆಲಸಕ್ಕೆ ಹೋಗಬೇಕಾಯಿತು. ಈ ಭಾಗದಲ್ಲಿ ಒತ್ತು ಕೊಡಬೇಕಾದದ್ದು ಅಜ್ಜಿ ಯೂನಿಸ್ ಅವರಿಗೆ. ಬಣ್ಣ, ಹೂವು, ಹಕ್ಕಿಗಳನ್ನು ಮಾತಿನಲ್ಲೇ ಬಣ್ಣಿಸಿ, ಸತ್ಯವೇದದ (ಬೈಬಲಿನ) ವಚನಗಳನ್ನು ಬಾಯಿಪಾಠ ಮಾಡಿಸಿದವರು ಅವರು. ಹುಡುಗಿ ಹದಿನೈದರ ವಯಸ್ಸಿನ ಹೊತ್ತಿಗೆ ನಾಲ್ಕು ಸುವಾರ್ತೆಗಳನ್ನೂ ಮೋಶೆಯ ಐದು ಪುಸ್ತಕಗಳನ್ನೂ ಕಂಠಸ್ಥ ಮಾಡಿಕೊಂಡಿದ್ದಳು. ನಿಮ್ಮ ಸಭೆಯಲ್ಲಿ ಸತ್ಯವೇದದ ಕೀರ್ತನೆಗಳನ್ನು ಪುಸ್ತಕವಿಲ್ಲದೆ ಹೇಳಬಲ್ಲ ಹಿರಿಯಮ್ಮನವರೊಬ್ಬರಿದ್ದರೆ ಇಲ್ಲಿ ಒಂದು ಕೀರ್ತನೆಯನ್ನು ಅವರಿಂದಲೇ ಹೇಳಿಸಿ. ಯಾವ ವಿವರಣೆಯೂ ಬೇಕಾಗದು.

1835ರಲ್ಲಿ ನ್ಯೂಯಾರ್ಕ್ ನಗರದ ಅಂಧರ ಶಾಲೆಗೆ ಸೇರಿದ್ದು, ಮುಂದೆ ಅಲ್ಲಿಯೇ ಶಿಕ್ಷಕಿಯಾದದ್ದು, 1858ರಲ್ಲಿ ಅಂಧ ಸಂಗೀತಗಾರರಾದ ಅಲೆಗ್ಸಾಂಡರ್ ವ್ಯಾನ್ ಆಲ್‌ಸ್ಟೈನ್ ಅವರನ್ನು ಮದುವೆಯಾದದ್ದು, ಇವೆಲ್ಲವನ್ನೂ ಚುಟುಕಾಗಿ ಹೇಳಿ ಮುಂದೆ ಸಾಗಬಹುದು. ಅವರಿಗೆ ಹುಟ್ಟಿದ ಒಂದೇ ಮಗು ಎಳವೆಯಲ್ಲೇ ತೀರಿಕೊಂಡಿತು. ಈ ಸಂಗತಿಯ ಬಗ್ಗೆ ಅವರು ಬಹಳ ಕಡಿಮೆ ಮಾತನಾಡಿದರು. ಆದ್ದರಿಂದ ನಿರೂಪಕರೂ ಒಂದೇ ವಾಕ್ಯದಲ್ಲಿ ಹೇಳಿ ಕ್ಷಣಹೊತ್ತು ನಿಲ್ಲಬೇಕು. ಹಿನ್ನೆಲೆಯಲ್ಲಿ ಕೀಬೋರ್ಡ್ ನುಡಿಸಿ ಕಣ್ಣೀರು ತರಿಸುವ ಪ್ರಯತ್ನವನ್ನು ದಯವಿಟ್ಟು ಮಾಡಬೇಡಿ.

ಸಂಜೆಯ ಹೆಚ್ಚಿನ ಸಮಯ ಮೀಸಲಾಗಬೇಕಾದದ್ದು 1864ರ ನಂತರದ ವರ್ಷಗಳಿಗೆ. ಆ ವರ್ಷ ವಿಲಿಯಂ ಬ್ರ್ಯಾಡ್ಬರಿ ಎಂಬ ಸಂಗೀತ ಸಂಯೋಜಕರು ಸಭಾಗೀತೆಗಳನ್ನು ಬರೆಯಲು ಕೇಳಿದಾಗ ಕ್ರಾಸ್ಬಿಯವರಿಗೆ ನಲವತ್ನಾಲ್ಕು ತುಂಬುತ್ತಿತ್ತು. ಇಂದು ನಾವು ಹಾಡುವ ಅವರ ಗೀತೆಗಳೆಲ್ಲ ಬಾಳಿನ ಆ ಮಧ್ಯಘಟ್ಟದ ಆಚೆಗೆ ಹುಟ್ಟಿದವು ಎಂಬುದನ್ನು ಸ್ಪಷ್ಟವಾಗಿ ಹೇಳಿ, ಏಕೆಂದರೆ ಕೇಳುತ್ತಿರುವವರಲ್ಲಿ ತಮ್ಮ ಸೇವೆಯ ಕಾಲ ಮುಗಿಯಿತೆಂದು ಭಾವಿಸಿಕೊಂಡ ಹೆಂಗಸರು ಇದ್ದೇ ಇರುತ್ತಾರೆ. ಕ್ರಾಸ್ಬಿಯವರು ಪದ್ಯವನ್ನು ಮನಸ್ಸಿನಲ್ಲೇ ಕಟ್ಟಿ, ತಿದ್ದಿ, ಪೂರ್ಣವಾದ ಮೇಲೆ ಬೇರೆಯವರಿಂದ ಬರೆಸುತ್ತಿದ್ದರು. ಗೀತೆಯೊಂದಕ್ಕೆ ಸಿಗುತ್ತಿದ್ದುದು ಒಂದೆರಡು ಡಾಲರ್ ಮಾತ್ರ. ಒಂದೇ ಪುಸ್ತಕದಲ್ಲಿ ಒಬ್ಬರದೇ ಹೆಸರು ತುಂಬಿಹೋಗದಿರಲೆಂದು ಸುಮಾರು ಇನ್ನೂರು ಬೇರೆಬೇರೆ ಹೆಸರುಗಳಲ್ಲಿ ಅವು ಅಚ್ಚಾದವು.

ಈ ಕೆಲಸದ ರೀತಿಯನ್ನು ಬರಿಯ ಮಾತಿನಲ್ಲಿ ಹೇಳದೆ ಕಿವಿಗೆ ಕೇಳಿಸಿ. 1868ರ ಏಪ್ರಿಲ್ 30ರಂದು ಸಂಯೋಜಕ ವಿಲಿಯಂ ಡೋನ್ ರೈಲು ಹಿಡಿಯುವ ಅವಸರದಲ್ಲಿಯೇ ಅವರಲ್ಲಿಗೆ ಬಂದು ಹೊಸ ರಾಗವೊಂದನ್ನು ನುಡಿಸಿದರು. ಅರ್ಧ ಗಂಟೆಯೊಳಗೆ 'ಸೇಫ್ ಇನ್ ದಿ ಆರ್ಮ್ಸ್ ಆಫ್ ಜೀಸಸ್' ಗೀತೆಯ ಪದಗಳು ಸಿದ್ಧವಾದವು. ಈ ಘಟನೆಯನ್ನು ಹೇಳುವ ಮೊದಲು ಆ ರಾಗವನ್ನು ಪದವಿಲ್ಲದೆ ಎರಡು ಸಲ ನುಡಿಸಲಿ. ಆಮೇಲೆ ನಿರೂಪಣೆ ಬರಲಿ. ಪದಗಳೊಂದಿಗೆ ಹಾಡುವುದು ಕೊನೆಗೆ. ರಾಗ ಮೊದಲು ಬಂದು ಮಾತು ಅದಕ್ಕೆ ಒದಗಿದ ಬಗೆಯನ್ನು ಸಭೆ ತಾನಾಗಿಯೇ ತಿಳಿದುಕೊಳ್ಳುತ್ತದೆ.

1873ರ 'ಬ್ಲೆಸೆಡ್ ಅಶ್ಯೂರೆನ್ಸ್' ಗೀತೆಯೂ ಹೀಗೆಯೇ, ಸ್ನೇಹಿತೆ ಫೀಬಿ ನ್ಯಾಪ್ ನುಡಿಸಿದ ರಾಗಕ್ಕೆ ಹುಟ್ಟಿತು. ಇದನ್ನು ಕಲಿಸುವಾಗ ವಿಶೇಷ ಎಚ್ಚರ ಬೇಕು. ರಾಗವು ಒಂಬತ್ತು-ಎಂಟರ ತಾಳದಲ್ಲಿದೆ, ಅಂದರೆ ಮೂರು ಎಣಿಕೆ, ಪ್ರತಿ ಎಣಿಕೆಯೊಳಗೆ ಮೂರು ಪಾಲು. ತಿಶ್ರ ನಡೆ ಬಲ್ಲ ಹಾಡುಗಾರರಿಗೆ ಇದು ಕೂಡಲೇ ಹಿಡಿತಕ್ಕೆ ಬರುತ್ತದೆ. ಮೊದಲ ಮೂರು ಸ್ವರಗಳು ತಾಳದ ಪೆಟ್ಟಿಗೆ ಮುನ್ನ ಹಗುರವಾಗಿ ಬಂದು, ನಾಲ್ಕನೆಯದರ ಮೇಲೆ ಭಾರ ಬೀಳುತ್ತದೆ. ಮೊದಲ ಸ್ವರವನ್ನೇ ಒತ್ತಿ ಎಳೆದರೆ ಹಾಡು ಕುಂಟುತ್ತದೆ. ಕನ್ನಡ ಅನುವಾದವನ್ನು ಆರಿಸುವಾಗಲೂ ಇದೇ ಪರೀಕ್ಷೆ: ಪದಗಳನ್ನು ತಾಳ ಹಾಕುತ್ತ ಓದಿ ನೋಡಿ, ಭಾರ ಬೀಳುವಲ್ಲಿ ವಿಭಕ್ತಿ ಪ್ರತ್ಯಯ ಬರುವ ಪಾಠವನ್ನು ಬಿಟ್ಟು, ಅರ್ಥವುಳ್ಳ ಪದ ಬರುವ ಪಾಠವನ್ನು ತೆಗೆದುಕೊಳ್ಳಿ.

ಸಂಗೀತಕ್ಕೆ ಸಮನಾಗಿ ಅವರ ಸೇವೆಯೂ ಕೇಳಿಬರಬೇಕು. ನ್ಯೂಯಾರ್ಕ್‌ನ ಬಡ ಬೀದಿಗಳಲ್ಲಿ, ಕುಡಿತಕ್ಕೆ ಬಿದ್ದವರಿಗೂ ನೆಲೆಯಿಲ್ಲದವರಿಗೂ ಆಸರೆಯಾಗಿದ್ದ ಬಾವರಿ ಮಿಷನ್, ವಾಟರ್ ಸ್ಟ್ರೀಟ್ ಮಿಷನ್‌ಗಳಂತಹ ಕಡೆಗಳಲ್ಲಿ ಅವರು ವರ್ಷಗಟ್ಟಲೆ ಮಾತನಾಡಿದರು, ಕೂತು ಕೇಳಿದರು, ಪ್ರಾರ್ಥಿಸಿದರು. 1869ರ ಬೇಸಗೆಯ ಒಂದು ಸಂಜೆ ಕೆಲಸಗಾರರ ಕೂಟದಲ್ಲಿ, ತಾಯಿಯ ಮಾತು ಮೀರಿ ಹೋದ ಯುವಕನೊಬ್ಬ ಇಲ್ಲಿರುವನೇ ಎಂದು ಅವರು ಕೇಳಿದಾಗ ಹದಿನೆಂಟರ ಆಸುಪಾಸಿನ ಹುಡುಗನೊಬ್ಬ ಮುಂದೆ ಬಂದನು. 'ರೆಸ್ಕ್ಯೂ ದಿ ಪೆರಿಷಿಂಗ್' ಗೀತೆಯನ್ನು ಅವರು ಅಂದು ರಾತ್ರಿಯೇ ರಚಿಸಿದರು. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ, 1903ರಲ್ಲಿ, ಮ್ಯಾಸಚೂಸೆಟ್ಸ್‌ನ ಲಿನ್ ಪಟ್ಟಣದಲ್ಲಿ ಮಾತು ಮುಗಿಸಿದ ಅವರ ಬಳಿಗೆ ಬಂದವರೊಬ್ಬರು ಆ ಹುಡುಗ ತಾನೇ ಎಂದು ಹೇಳಿದರು. ಈ ಎರಡು ಘಟನೆಗಳನ್ನು ಒಟ್ಟಿಗೆ ಹೇಳಿ ಮುಗಿಸುವುದು ಸುಲಭ, ಆದರೆ ಹಾಗೆ ಮಾಡಬೇಡಿ. ಮೊದಲನೆಯದನ್ನು ಹೇಳಿ ಗೀತೆ ಹಾಡಿಸಿ, ನಡುವೆ ಬೇರೆ ಮೂರು ನಾಲ್ಕು ಹಾಡುಗಳೂ ನಿರೂಪಣೆಯೂ ಕಳೆಯಲಿ. ಎರಡನೆಯದನ್ನು ಅವರ ಮುಪ್ಪಿನ ದಿನಗಳ ಭಾಗದಲ್ಲಿ ತನ್ನಿ. ದೀರ್ಘಾಯುಷ್ಯವೆಂದರೆ ಏನೆಂಬುದು ಆ ಅಂತರದಿಂದಲೇ ಮನಸ್ಸಿಗೆ ತಟ್ಟುತ್ತದೆ.

ಪತಿ 1902ರಲ್ಲಿ ತೀರಿಕೊಂಡರು. ಅದಕ್ಕೂ ಬಹುಕಾಲ ಮೊದಲೇ ಇಬ್ಬರೂ ಬೇರೆಬೇರೆಯಾಗಿ ಇರುತ್ತಿದ್ದರು. ಕೇಳಿದವರಿಗೆ ನಿಜವನ್ನೇ ಹೇಳಿ, ಕಾರಣಗಳನ್ನು ಊಹಿಸಿ ಸೇರಿಸಬೇಡಿ. ಕೈಗೆ ಬಂದ ಹಣದಲ್ಲಿ ಹೆಚ್ಚಿನದನ್ನು ಬಡವರಿಗೆ ಕೊಟ್ಟುಬಿಡುತ್ತಿದ್ದ ಅವರು ಸಾಧಾರಣವಾದ ಬಾಡಿಗೆ ಕೋಣೆಗಳಲ್ಲೇ ಬಾಳಿದರೆಂಬುದನ್ನು ಹೇಳಿದ ಮೇಲೆ, ಆ ಸಂಜೆಯ ಕಾಣಿಕೆಯನ್ನು ನಿಮ್ಮ ಊರಿನಲ್ಲಿ ಕುಡಿತ ಬಿಡಿಸುವ ಅಥವಾ ನಿರ್ಗತಿಕರಿಗೆ ಊಟ ಕೊಡುವ ಕೆಲಸಕ್ಕೆ ಮೀಸಲಿಡುವಂತೆ ಸಭಾಪಾಲಕರನ್ನು ಮುಂಚಿತವಾಗಿಯೇ ಕೇಳಿಕೊಳ್ಳಿ.

ಹಾಡಿನ ಹಾಳೆಗಳನ್ನು ವಯಸ್ಸಾದವರು ಕನ್ನಡಕವಿಲ್ಲದೆಯೂ ಓದಬಲ್ಲ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿ. ಕಣ್ಣು ಕಾಣದ ಹಾಡುಗಾರರು ನಿಮ್ಮಲ್ಲಿದ್ದರೆ ಅವರ ಪಾಲಿನ ರಾಗವನ್ನೂ ಪದಗಳನ್ನೂ ನಿಧಾನಗತಿಯಲ್ಲಿ ಧ್ವನಿಮುದ್ರಿಸಿ ಮೊದಲ ಅಭ್ಯಾಸಕ್ಕೆ ಎರಡು ವಾರ ಮೊದಲೇ ಫೋನಿಗೆ ಕಳುಹಿಸಿ, ಮತ್ತು ಅವರನ್ನು ಅಂಚಿನ ಕುರ್ಚಿಯಲ್ಲಿ ಕೂರಿಸದೆ ಅವರವರ ಶ್ರುತಿಯ ಸಾಲಿನ ನಡುವೆಯೇ ನಿಲ್ಲಿಸಿ.