ಬೇರಿಂಗ್ ಪುಲ್ಲರ್: ಯಾವುದು ಆರಿಸಿದೆ, ಹೇಗೆ ಬಳಸುತ್ತೇನೆ

ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್ಡಿನ ಮೇಲೆ ರಿವೈಂಡಿಂಗ್ ಅಂತಲೇ ಇದೆ, ಆದರೆ ಅರ್ಧ ಕೆಲಸ ಬೇರಿಂಗ್ ಬಿಚ್ಚಿ ಹಾಕುವುದೇ. ಸುತ್ತಮುತ್ತ ರೈಸ್ ಮಿಲ್ಲುಗಳು, ತುಂಗಭದ್ರಾ ಎಡದಂಡೆ ಕಾಲುವೆ ಉದ್ದಕ್ಕೂ ಪಂಪ್‌ಸೆಟ್ಟುಗಳು, ಕ್ಯಾಂಪುಗಳಿಂದ (ವಲಸೆ ಬಂದ ರೈತರ ಊರುಗಳು) ಬರುವ ಟ್ರ್ಯಾಕ್ಟರ್ ಕೆಲಸ ಬೇರೆ. ಮಿಲ್ಲಿನೊಳಗೆ ತೌಡಿನ ಧೂಳು ಗ್ರೀಸಿಗೆ ಸೇರಿ ಗಟ್ಟಿಯಾಗುತ್ತದೆ. ಕಾಲುವೆ ಪಂಪಿನಲ್ಲಿ ಸೀಲ್ ಹೋದರೆ ನೀರು ಸೀದಾ ಬೇರಿಂಗಿಗೆ ಬಂದು, ಬೇರಿಂಗಿನ ಒಳ ಉಂಗುರ, ಅಂದರೆ ಒಳ ರೇಸ್, ಶಾಫ್ಟಿಗೆ ತುಕ್ಕು ಹಿಡಿದು ಕೂತುಬಿಡುತ್ತದೆ. ಅದನ್ನು ಶಾಫ್ಟ್ ಕೆಡದ ಹಾಗೆ ಹೊರಗೆ ತೆಗೆಯುವುದೇ ನಿಜವಾದ ಕೆಲಸ. ಹಾಕುವುದು ಸುಲಭ. ತೆಗೆಯುವ ಸಾಧನವೇ ಪುಲ್ಲರ್: ಕಾಲುಗಳ ಕೊಕ್ಕೆ ಬೇರಿಂಗಿನ ಹಿಂದೆ ಹಿಡಿಯುತ್ತದೆ, ನಡುವಿನ ಸ್ಕ್ರೂ ಶಾಫ್ಟಿನ ತುದಿಗೆ ಒತ್ತುತ್ತದೆ, ಸ್ಕ್ರೂ ತಿರುಗಿಸಿದರೆ ಬೇರಿಂಗ್ ನೇರವಾಗಿ ಹೊರಗೆ ಬರುತ್ತದೆ.

ನಮ್ಮ ಕಡೆ ಇನ್ನೂ ಜಾಸ್ತಿ ಜನ ಉಳಿ ಸುತ್ತಿಗೆಯಲ್ಲೇ ಬೇರಿಂಗ್ ಹೊಡೆದು ತೆಗೆಯುತ್ತಾರೆ. ಒಂದು ಕಡೆ ಹೊಡೀತಾರೆ, ಬೇರಿಂಗ್ ಓರೆಯಾಗುತ್ತೆ, ಇನ್ನೊಂದು ಕಡೆ ಹೊಡೀತಾರೆ, ಅದು ಆ ಕಡೆ ಓರೆಯಾಗುತ್ತೆ. ಹಾಗೆ ಬರುವಷ್ಟರಲ್ಲಿ ಶಾಫ್ಟಿನ ಮೇಲೆ ಗೀರು ಬಿದ್ದಿರುತ್ತದೆ. 6206 ನಂಬರಿನ ಬೇರಿಂಗಿಗೆ ಒಳತೂತು 30 ಎಂಎಂ. ಅದು ಕೂರುವ ಶಾಫ್ಟನ್ನು ತಯಾರಿಸುವವರು 30 ಎಂಎಂಗಿಂತ ಒಂದು ಎಂಎಂನ ನೂರನೇ ಭಾಗದಷ್ಟು ಮಾತ್ರ ದಪ್ಪ ಇಟ್ಟಿರುತ್ತಾರೆ, ಹಿಡಿತ ಪೂರ್ತಿ ಅಷ್ಟರಲ್ಲೇ ನಿಂತಿದೆ. ಉಳಿಯ ಒಂದು ಗೀರು ಅದಕ್ಕಿಂತ ಆಳ ಇರುತ್ತೆ ಅಲ್ವಾ? ಆಮೇಲೆ ಬೇರಿಂಗ್ ಲೂಸ್ ಆಯಿತು ಅಂತ ಶಾಫ್ಟಿಗೆ ಸೆಂಟರ್ ಪಂಚಿನಿಂದ ಚುಕ್ಕಿ ಹೊಡೆದು ದಪ್ಪ ಮಾಡುತ್ತಾರೆ. ಇದು ನನಗೆ ಆಗಿಬರದ ಕೆಲಸ. ಚುಕ್ಕಿಗಳ ತಲೆ ಬೇಗ ಸವೆಯುತ್ತದೆ, ಬೇರಿಂಗ್ ನಡುವಿಗೆ ಕೂರುವುದಿಲ್ಲ. ಸವೆದ ಶಾಫ್ಟನ್ನು ಲೇತಿನವರ ಹತ್ತಿರ ಕೊಟ್ಟು ಮೆಟಲ್ ಕಟ್ಟಿಸಿ ಅಳತೆಗೆ ತರಿಸುವುದೇ ಸರಿ, ದುಡ್ಡು ಸ್ವಲ್ಪ ಜಾಸ್ತಿ ಆದರೂ.

ಪುಲ್ಲರ್ ಕೊಳ್ಳಲು ಹೋದಾಗ ಅಂಗಡಿಯವರು ಮೊದಲು ಕೇಳುವುದು ಎಷ್ಟು ಇಂಚು ಅಂತ. 4 ಇಂಚು, 6 ಇಂಚು, 8 ಇಂಚು. ಇಂಚು ಬೇಕು, ಆದರೆ ನಾನು ಮೊದಲು ನೋಡುವುದು ಅದನ್ನಲ್ಲ. ಬೇರಿಂಗಿನ ಹಿಂದೆ ಎಷ್ಟು ಜಾಗ ಇದೆ, ಕೊಕ್ಕೆಯ ತುದಿ ಒಳ ರೇಸಿನ ಹಿಂದಕ್ಕೆ ಹೋಗುತ್ತದಾ, ಅದನ್ನು ನೋಡುತ್ತೇನೆ. ಶಾಫ್ಟಿಗೆ ಬಿಗಿಯಾಗಿ ಕೂತಿರುವುದು ಒಳ ರೇಸ್. ಹೊರ ರೇಸ್ ಹಿಡಿದು ಎಳೆದರೆ ಎಳೆತವೆಲ್ಲ ಗುಂಡುಗಳ ಮೂಲಕ ಒಳ ರೇಸಿಗೆ ಹೋಗುತ್ತೆ, ಗುಂಡುಗಳು ರೇಸಿನ ಹಳ್ಳದಲ್ಲಿ ಸಣ್ಣ ಗುರುತು ಒತ್ತುತ್ತವೆ. ಕಣ್ಣಿಗೆ ಕಾಣದಿದ್ದರೂ ಮೋಟಾರ್ ತಿರುಗಿಸಿದಾಗ ಗರ್ ಅಂತ ಸದ್ದು ಬರುತ್ತದೆ. ಹಾಳಾದ ಬೇರಿಂಗನ್ನೇ ತೆಗೆಯುತ್ತಿದ್ದರೆ ಹೊರ ರೇಸ್ ಹಿಡಿದರೂ ನಡೆಯುತ್ತೆ, ಹೇಗಿದ್ದರೂ ಗುಜರಿಗೆ ಹೋಗುವುದು. ಆದರೆ ರಿವೈಂಡಿಂಗಿಗೆ ಬಂದ ಮೋಟಾರಿನಲ್ಲಿ ಬೇರಿಂಗ್ ಚೆನ್ನಾಗಿದ್ದು, ಅದನ್ನೇ ವಾಪಸ್ ಹಾಕಬೇಕು ಅಂದರೆ ಒಳ ರೇಸ್ ಬಿಟ್ಟು ಬೇರೆ ಎಲ್ಲೂ ಹಿಡಿಯಬಾರದು. ಹೊರ ರೇಸ್ ಹಿಡಿದು ಎಳೆದ ಬೇರಿಂಗನ್ನು ನಾನು ಯಾರ ಮೋಟಾರಿಗೂ ವಾಪಸ್ ಹಾಕುವುದಿಲ್ಲ. "ಅಣ್ಣಾ, ಚೊಲೋ ಐತಲ್ಲ, ಅದನ್ನ ಹಾಕಿ ಕೊಡ್ರಿ" ಅಂತ ಗಿರಾಕಿ ಕೈಯಲ್ಲಿ ತಿರುಗಿಸಿ ತೋರಿಸುತ್ತಾರೆ. ಕೈಯಲ್ಲಿ ತಿರುಗುವುದೇ ಬೇರೆ, ನಿಮಿಷಕ್ಕೆ 1440 ಸುತ್ತು ಲೋಡಿನ ಮೇಲೆ ತಿರುಗುವುದೇ ಬೇರೆ.

ಕಾಲುಗಳ ವಿಷಯ. ಮೂರು ಕಾಲಿನ ಪುಲ್ಲರ್ ತಾನೇ ನಡುವಿಗೆ ನಿಲ್ಲುತ್ತದೆ, ಎಳೆತ ಸುತ್ತ ಹಂಚಿಹೋಗುತ್ತದೆ, ಜಾಗ ಇದ್ದರೆ ಯಾವಾಗಲೂ ಅದೇ. ಎರಡು ಕಾಲಿನದು ಇಕ್ಕಟ್ಟು ಜಾಗಕ್ಕೆ, ಆದರೆ ಎರಡೂ ಕಾಲು ಎದುರುಬದುರಾಗಿ ಸಮ ಇಲ್ಲದಿದ್ದರೆ ಜಾರುತ್ತದೆ. ನನ್ನ ಹತ್ತಿರ ಎರಡೂ ಇವೆ. ಮೊದಲು ಕೊಂಡದ್ದು ತಪಾರಿಯಾದ 6 ಇಂಚಿನ ಮೂರು ಕಾಲಿನದು. ಪಂಪ್‌ಸೆಟ್ ಮೋಟಾರುಗಳಲ್ಲಿ ಹೆಚ್ಚಾಗಿ ಸಿಗುವ 6205, 6206, 6306, 6208 ಎಲ್ಲದಕ್ಕೂ ಅದು ಸಾಕು. ಬೇರಿಂಗ್ ನಂಬರಿನ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳತೂತಿನ ಅಳತೆ ಸಿಗುತ್ತದೆ. 06 ಅಂದರೆ 30, 08 ಅಂದರೆ 40. ಈ ಲೆಕ್ಕ 04ರಿಂದ ಮೇಲಕ್ಕೆ. ಆದರೆ ಪುಲ್ಲರಿಗೆ ಬೇಕಾದದ್ದು ಹೊರ ಅಳತೆ. 6206ಕ್ಕೆ 62 ಎಂಎಂ, 6308ಕ್ಕೆ 90, ಮಿಲ್ಲಿನ ದೊಡ್ಡ ಮೋಟಾರಿನ 6312ಕ್ಕೆ 130. ಈ ಕೊನೆಯದಕ್ಕೆ 6 ಇಂಚಿನದು ಅಗಲಕ್ಕೆ ಸಾಕು ಅನಿಸಿದರೂ ಕಾಲು ಪೂರ್ತಿ ಅಗಲಿಸಿದಾಗ ಬಲ ಇರುವುದಿಲ್ಲ. ಕಾಲುಗಳು ಸ್ಕ್ರೂವಿಗೆ ಸಾಧ್ಯವಾದಷ್ಟು ನೇರ ನಿಲ್ಲಬೇಕು. ಹಾಗಾಗಿ ದೊಡ್ಡ ಮೋಟಾರಿಗೆ 10 ಇಂಚಿನದು ಬೇರೆ ಇಟ್ಟಿದ್ದೇನೆ.

ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಬೇಕು. ಸ್ಕ್ರೂವಿನ ಮರೆ (ಥ್ರೆಡ್) ಸಣ್ಣದಿರಲಿ, ಸಣ್ಣ ಮರೆ ಕಡಿಮೆ ಕೈಬಲದಲ್ಲಿ ಜಾಸ್ತಿ ಎಳೆಯುತ್ತದೆ. ಕಾಲು ಬೀಡಿನದಾ (ಎರಕದ ಕಬ್ಬಿಣ) ಫೋರ್ಜಿಂಗಿನದಾ (ಕಾಯಿಸಿ ಬಡಿದು ಮಾಡಿದ್ದು) ಅಂತ ಕೇಳಿ. ಫೋರ್ಜಿಂಗ್ ಕಾಲು ಲೋಡ್ ಜಾಸ್ತಿಯಾದರೆ ಮೊದಲು ಬಾಯಿ ಬಿಡುತ್ತದೆ, ನಮಗೆ ಗೊತ್ತಾಗುತ್ತದೆ. ಬೀಡು ಏನೂ ಹೇಳದೆ ಟಪ್ ಅಂತ ತುಂಡಾಗಿ ಹಾರುತ್ತದೆ. ಕೊಕ್ಕೆಯ ತುದಿ ತೆಳ್ಳಗೂ ಇರಬೇಕು, ಗಟ್ಟಿಯೂ ಇರಬೇಕು, ಇಲ್ಲೇ ಅಗ್ಗದ ಪುಲ್ಲರುಗಳು ಸೋಲುವುದು: ಗಟ್ಟಿ ಮಾಡಲು ತುದಿಯನ್ನು ದಪ್ಪ ಮಾಡಿರುತ್ತಾರೆ, ಅದು ಬೇರಿಂಗಿನ ಹಿಂದಕ್ಕೆ ಹೋಗುವುದೇ ಇಲ್ಲ. ಕಾಲನ್ನು ಬಿಚ್ಚಿ ತಿರುವಿ ಹಾಕುವ ಹಾಗಿದ್ದರೆ ಒಳಗಿನಿಂದ ಹಿಡಿಯಲೂ ಬರುತ್ತದೆ, ಅದು ಉಪಯೋಗ. ನಮ್ಮೂರ ಲೇತಿನಲ್ಲಿ ಪಟ್ಟಿ ಕಬ್ಬಿಣ, ಬೋಲ್ಟ್ ಹಾಕಿ ಮಾಡಿಕೊಡುವ ಪುಲ್ಲರುಗಳೂ ಇವೆ, ಕೆಲವು ಚೆನ್ನಾಗಿಯೇ ಇವೆ. ಸ್ಕ್ರೂ ಮಾತ್ರ ಸಾದಾ ಮೆತ್ತನೆ ಕಬ್ಬಿಣ, ಅಂದರೆ ಎಂಎಸ್‌ನಲ್ಲಿ ಮಾಡಿಸಬೇಡಿ, ಮರೆ ಕಿತ್ತುಬರುತ್ತದೆ. ಇಎನ್8 ಅನ್ನುವ ಗಟ್ಟಿ ಉಕ್ಕನ್ನಾದರೂ ಹಾಕಿಸಿ.

ಇನ್ನು ಸೆಪರೇಟರ್. ಎರಡು ಹೋಳಿನ ಪ್ಲೇಟು, ನಡುವೆ ಚೂಪು ಅಂಚು, ಎರಡು ಬೋಲ್ಟ್. ಬೇರಿಂಗಿನ ಹಿಂದೆ ಕೊಕ್ಕೆ ಹೋಗದ ಜಾಗದಲ್ಲಿ ಈ ಚೂಪು ಅಂಚನ್ನು ಬಿಗಿ ಮಾಡುತ್ತಾ ಹೋದರೆ ಅದು ಸಂದಿಯೊಳಗೆ ನುಸುಳಿ ಬೇರಿಂಗನ್ನು ಕೂದಲೆಳೆಯಷ್ಟು ಮುಂದೆ ತಳ್ಳುತ್ತದೆ, ಆಮೇಲೆ ಉದ್ದ ಬೋಲ್ಟ್ ಹಾಕಿ ಎಳೆಯಬಹುದು. ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ದುಡಿದದ್ದು ಇದೇ. ದೊಡ್ಡ ಮೋಟಾರುಗಳಲ್ಲಿ ಬೇರಿಂಗಿನ ಹಿಂದೆ ಒಳ ಕ್ಯಾಪ್ ಇರುತ್ತದೆ, ಬೀಡಿನದು. ತುಂಬಾ ಜನ ಆ ಕ್ಯಾಪಿಗೇ ಕೊಕ್ಕೆ ಹಾಕಿ ಎಳೆಯುತ್ತಾರೆ. ಕ್ಯಾಪ್ ಹೊರ ರೇಸನ್ನು ಒತ್ತುತ್ತದೆ, ಬೇರಿಂಗ್ ಬಿಗಿ ಇದ್ದರೆ ಕ್ಯಾಪೇ ಒಡೆಯುತ್ತದೆ. ಹಳೇ ಮೋಟಾರಿಗೆ ಆ ಕ್ಯಾಪ್ ಎಲ್ಲಿ ಹುಡುಕುವುದು? ಕ್ಯಾಪನ್ನು ಹಿಂದಕ್ಕೆ ಸರಿಸಿ ನಡುವೆ ಸೆಪರೇಟರ್ ಹಾಕಲು ಜಾಗ ಸಿಗುತ್ತದಾ ನೋಡಿ, ಹೆಚ್ಚಾಗಿ ಸಿಗುತ್ತದೆ.

ಎಳೆಯುವ ಮುಂಚೆ ಸರ್ಕ್ಲಿಪ್ (ಬೇರಿಂಗ್ ಜಾರದ ಹಾಗೆ ಶಾಫ್ಟಿನ ಹಳ್ಳದಲ್ಲಿ ಕೂರುವ ಸ್ಪ್ರಿಂಗ್ ಉಂಗುರ) ಇದೆಯಾ, ಲಾಕ್ ನಟ್ ಇದೆಯಾ ನೋಡಲೇಬೇಕು. ಗ್ರೀಸು, ತೌಡು ಸೇರಿದ ಮಣ್ಣಿನ ಕೆಳಗೆ ಸರ್ಕ್ಲಿಪ್ ಕಾಣುವುದೇ ಇಲ್ಲ. ಡೀಸೆಲ್ಲಿನಲ್ಲಿ ಬ್ರಷ್ ಹಾಕಿ ತೊಳೆದು, ಶಾಫ್ಟಿನ ಬಯಲು ಭಾಗವನ್ನು ಎಮರಿ ಪೇಪರಿನಿಂದ ತಿಕ್ಕಿ ತುಕ್ಕು ತೆಗೆದು, ಒಂದೆರಡು ಹನಿ ಎಣ್ಣೆ ಬಿಟ್ಟರೆ ಬೇರಿಂಗ್ ಹಾದುಬರುವ ದಾರಿ ಸಿದ್ಧ. ಪುಲ್ಲಿ ಜಾರದಂತೆ ಶಾಫ್ಟಿನಲ್ಲಿ ಕೂರಿಸಿದ ಲೋಹದ ತುಂಡು, ಕೀ, ಇದ್ದರೆ ತೆಗೆಯಿರಿ. ಶಾಫ್ಟಿನ ತುದಿಯಲ್ಲಿ ಲೇತಿನ ಸೆಂಟರ್ ತೂತು ಇರುತ್ತದೆ, ಪುಲ್ಲರಿನ ಸ್ಕ್ರೂ ಮೊನೆ ಅಲ್ಲೇ ಕೂರಬೇಕು. ಆದರೆ ಆ ತೂತನ್ನು ಹಿಗ್ಗಿಸಬಾರದು, ಮುಂದೆ ಯಾವತ್ತಾದರೂ ಶಾಫ್ಟ್ ಲೇತಿಗೆ ಹೋದರೆ ಅದೇ ಆಧಾರ. ನಾನು ಹಳೇ ಬೇರಿಂಗಿನ ಗುಂಡೊಂದನ್ನು ತೂತಿನಲ್ಲಿ ಇಟ್ಟು ಅದರ ಮೇಲೆ ಸ್ಕ್ರೂ ಕೂರಿಸುತ್ತೇನೆ. ಸ್ಕ್ರೂವಿನ ತುದಿಯಲ್ಲಿ ಗುಂಡು ಕೂರುವ ಹಳ್ಳ ಇದ್ದರೆ ಇದು ಚೆನ್ನಾಗಿ ನಡೆಯುತ್ತದೆ. ತುದಿಗೆ ಮರೆ ಇರುವ ಶಾಫ್ಟ್ ಆದರೆ ಅದರ ನಟ್ಟನ್ನು ತುದಿಮಟ್ಟಕ್ಕೆ ಹಾಕಿ ಬಿಡಿ, ಮರೆ ಉಳಿಯುತ್ತದೆ.

ಸ್ಕ್ರೂವಿಗೆ ಗ್ರೀಸ್ ಹಚ್ಚಿ, ಕಾಲುಗಳು ಸಮ ಕೂತಿವೆಯಾ ನೋಡಿ ನಿಧಾನವಾಗಿ ಬಿಗಿ ಮಾಡಿ. ಬೇರಿಂಗ್ ಅಲ್ಲಾಡದಿದ್ದರೆ ಪಾನಾಗೆ ಪೈಪ್ ಸಿಕ್ಕಿಸಿ ಎಳೆಯಬೇಡಿ. ಬಿಗಿ ಇಟ್ಟುಕೊಂಡೇ ಸ್ಕ್ರೂವಿನ ತಲೆಗೆ ಸುತ್ತಿಗೆಯಿಂದ ಒಂದು ಗಟ್ಟಿ ಏಟು. ಟಣ್ ಅಂತ ಸದ್ದು ಬಂದು ಬೇರಿಂಗ್ ಸ್ವಲ್ಪ ಸರಿಯುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಮತ್ತೆ ಬಿಗಿ, ಮತ್ತೆ ಏಟು. ಆದರೂ ಬರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಪುಲ್ಲರನ್ನು ಅರ್ಧ ಬಿಗಿಯಲ್ಲಿ ಹಾಗೇ ಬಿಟ್ಟು ಮನೆಗೆ ಹೋಗಿ. ಬೆಳಗ್ಗೆ ಬಂದರೆ ಎಷ್ಟೋ ಸಲ ಒಂದು ಏಟಿಗೇ ಬರುತ್ತದೆ. ಸುಗ್ಗಿಯಲ್ಲಿ ಮಿಲ್ಲಿನ ಸಾಹುಕಾರರು ಅಷ್ಟು ತಾಳುವುದಿಲ್ಲ ಅನ್ನುವುದು ನಿಜ, "ಏನ್ರಿ, ಇನ್ನಾ ಆಗಿಲ್ಲೇನ್ರಿ, ಲಾರಿ ನಿಂತಾವ" ಅಂತ ಫೋನ್ ಬರುತ್ತಲೇ ಇರುತ್ತದೆ. ಆಗ ಗ್ಯಾಸ್ ಟಾರ್ಚ್. ಒಳ ರೇಸನ್ನು ಸುತ್ತಲೂ ಬೇಗ ಬೇಗ ಕಾಯಿಸಬೇಕು, ಶಾಫ್ಟ್ ಕಾಯುವ ಮುಂಚೆ. ಶಾಫ್ಟೂ ಕಾದರೆ ಅದೂ ಹಿಗ್ಗುತ್ತದೆ, ಮಾಡಿದ್ದೆಲ್ಲ ದಂಡ. ಕಾದ ಮೇಲೆ ನೀರು ಸುರಿಯಬೇಡಿ. ಹೀಗೆ ಕಾಯಿಸಿದ ಬೇರಿಂಗ್ ಎಷ್ಟೇ ಹೊಸದಿದ್ದರೂ ಗುಜರಿಗೇ.

ಗೋಣಿಚೀಲ ಮುಚ್ಚದೆ ನಾನು ಬಿಗಿ ಎಳೆತ ಮಾಡುವುದಿಲ್ಲ. ರೇಸಿನ ಉಕ್ಕು ಗಾಜಿನ ಹಾಗೆ ಒಡೆದು ಹಾರುತ್ತದೆ. ಕನ್ನಡಕ ಹಾಕಿ, ಸ್ಕ್ರೂವಿನ ನೇರಕ್ಕೆ ಮುಖ ಇಡದೆ ಪಕ್ಕಕ್ಕೆ ನಿಲ್ಲಿ. ಸ್ಕ್ರೂ ತಿರುಗಿಸಲು ಇಂಪ್ಯಾಕ್ಟ್ ಗನ್ ಹಚ್ಚುವ ಹುಡುಗರನ್ನು ನೋಡಿದ್ದೇನೆ, ಕೈಯಲ್ಲಿ ತಿರುಗಿಸುವಾಗ ಸಿಗುವ ಅಂದಾಜು ಅದರಲ್ಲಿ ಸಿಗುವುದಿಲ್ಲ, ಮರೆಯೂ ಹೋಗುತ್ತದೆ.

ಪುಲ್ಲರ್ ಹಾಕಲೇಬಾರದ ಕಡೆಯೂ ಇದೆ. ಮಿಲ್ಲಿನ ಎಲಿವೇಟರ್ ಶಾಫ್ಟಿನಲ್ಲಿ ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂರುವ ಪೀಠ) ಇರುತ್ತದಲ್ಲ, ಅದರಲ್ಲಿ ಕೆಲವು ಬೇರಿಂಗುಗಳು ಅಡಾಪ್ಟರ್ ಸ್ಲೀವ್ (ಶಾಫ್ಟಿಗೂ ಬೇರಿಂಗಿಗೂ ನಡುವಿನ ಸೀಳಿದ ಕೊಳವೆ) ಮೇಲೆ ಕೂತಿರುತ್ತವೆ. ಒಳತೂತು ಇಳಿಜಾರು, ಸ್ಲೀವೂ ಇಳಿಜಾರು. ಇದಕ್ಕೆ ಪುಲ್ಲರ್ ಹಾಕಿ ಎಳೆದು ಸುಸ್ತಾದವರು ಬಹಳ. ಮಡಿಚಿದ ವಾಷರ್ ಹಲ್ಲನ್ನು ನೆಟ್ಟಗೆ ಮಾಡಿ, ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಸಡಿಲಿಸಿ, ನಟ್ಟಿನ ಮುಖಕ್ಕೆ ಪೈಪ್ ಇಟ್ಟು ಹೊಡೆದರೆ ಸ್ಲೀವ್ ಹಿಂದೆ ಸರಿದು ಎಲ್ಲ ಸಡಿಲವಾಗುತ್ತದೆ. ಯುಸಿಪಿ ಅನ್ನುವ, ಬೇರಿಂಗ್ ಸಮೇತ ಬರುವ ಬ್ಲಾಕುಗಳಲ್ಲಿ ಗ್ರಬ್ ಸ್ಕ್ರೂ (ಶಾಫ್ಟಿಗೆ ಒತ್ತಿ ಹಿಡಿಯುವ ತಲೆಯಿಲ್ಲದ ಸಣ್ಣ ಸ್ಕ್ರೂ) ಬಿಚ್ಚಿದರೆ ಸಾಕು, ಅದು ಕಚ್ಚಿದ ಕಡೆ ಶಾಫ್ಟಿನಲ್ಲಿ ಎದ್ದಿರುವ ಮುಳ್ಳನ್ನು ಅರದಿಂದ ತಿಕ್ಕಿ ಸಮ ಮಾಡಿ ಎಳೆಯಿರಿ. ವಿ-ಬೆಲ್ಟ್ ಪುಲ್ಲಿ ತೆಗೆಯುವಾಗ ಕೊಕ್ಕೆ ಅಂಚಿಗೆ ಹಾಕಬೇಡಿ, ಬೀಡು ಒಡೆಯುತ್ತದೆ, ನಡುವಿನ ಹಬ್ (ಶಾಫ್ಟ್ ತೂರುವ ದಪ್ಪ ಭಾಗ) ಹತ್ತಿರ ಹಾಕಿ.

ಟ್ರ್ಯಾಕ್ಟರ್ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಹಿಂದೆ ಏನೂ ಹೋಗುವುದಿಲ್ಲ, ಕುರುಡು ತೂತು, ಆಚೆ ಕಡೆ ಮುಚ್ಚಿರುತ್ತದೆ. ಒಳಗಿನಿಂದ ಹಿಡಿಯುವ, ಭಾರ ಜಾರಿಸಿ ಹೊಡೆಯುವ ಸ್ಲೈಡ್ ಹ್ಯಾಮರ್ ಪುಲ್ಲರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ತೂತಿಗೆ ಗ್ರೀಸ್ ತುಂಬಿ, ಬೇರಿಂಗಿನ ಒಳತೂತಿಗೆ ಸರಿಯಾಗಿ ಹಿಡಿಯುವ ಸರಳು ಇಟ್ಟು ಹೊಡೆಯಿರಿ. ಗ್ರೀಸ್ ಕುಗ್ಗುವುದಿಲ್ಲ, ಬೇರಿಂಗನ್ನು ಹಿಂದಿನಿಂದ ತಳ್ಳುತ್ತದೆ. ಕಡಿಮೆಯಾದಾಗ ಮತ್ತೆ ತುಂಬಿ.

ಹೈಡ್ರಾಲಿಕ್ ಪುಲ್ಲರ್ ನಾನು ಕೊಂಡಿಲ್ಲ. ತೋರಣಗಲ್ಲು ಕಡೆ ಉಕ್ಕಿನ ಕಾರ್ಖಾನೆಗಳಲ್ಲಿ ಫಿಟ್ಟರ್ ಆಗಿರುವ ನನ್ನ ಭಾವ ಅದಿಲ್ಲದೆ ಕೆಲಸವೇ ಇಲ್ಲ ಅನ್ನುತ್ತಾನೆ. ಅವರ ಬೇರಿಂಗ್ ಗಾತ್ರವೇ ಬೇರೆ. ನನ್ನಂಥ ಅಂಗಡಿಗೆ ಅದೇ ದುಡ್ಡಿನಲ್ಲಿ ಎರಡು ಅಳತೆಯ ಸೆಪರೇಟರ್ ಬರುತ್ತದೆ.

ಹೊಸದನ್ನು ಹಾಕುವಾಗ ಒಳ ರೇಸಿಗೆ ಮಾತ್ರ ತಾಗುವ ಪೈಪ್ ಇಟ್ಟು ಹೊಡೆಯುತ್ತೇನೆ. ದೊಡ್ಡದಾದರೆ ಎಣ್ಣೆಯಲ್ಲಿ 110 ಡಿಗ್ರಿವರೆಗೆ ಕಾಯಿಸುತ್ತೇನೆ, 120 ದಾಟಿಸುವುದಿಲ್ಲ. ಝಡ್‌ಝಡ್, 2ಆರ್‌ಎಸ್ ಅಂತ ಬರೆದಿರುವ, ಎರಡೂ ಬದಿ ಮುಚ್ಚಿದ ಬೇರಿಂಗುಗಳಲ್ಲಿ ಒಳಗೇ ಗ್ರೀಸ್ ತುಂಬಿರುತ್ತದೆ, ಅವನ್ನು ಎಣ್ಣೆಗೆ ಹಾಕಬಾರದು.

ಇವತ್ತು ಹೊಸ ಅಂಗಡಿ ಹಾಕುವವರು ಕೇಳಿದರೆ ನಾನು ಹೇಳುವುದು, ಮೊದಲು 6 ಇಂಚಿನ ಮೂರು ಕಾಲಿನದು, ಆಮೇಲೆ ಸೆಪರೇಟರ್, ಎರಡು ಕಾಲಿನದು ಆಮೇಲೂ ಆಗುತ್ತೆ. ಒಟ್ಟಿಗೆ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಸೆಟ್ ಬೇಡ, ಅದರಲ್ಲಿ ಬೇಕಾದ ಅಳತೆಯೇ ಮೊದಲು ಮುರಿಯುತ್ತದೆ. ಪುಲ್ಲರನ್ನು ಯಾರಿಗಾದರೂ ಕೊಟ್ಟರೆ ವಾಪಸ್ ಬಂದಾಗ ಕೊಕ್ಕೆ ತುದಿ ಮತ್ತು ಮರೆ ನೋಡಿಕೊಳ್ಳಿ. ನಾನಂತೂ ಪುಲ್ಲರ್ ಕೊಡುವುದಿಲ್ಲ, ರೋಟರ್ ತಗೊಂಡು ಬನ್ನಿ ಅನ್ನುತ್ತೇನೆ.