ಖಣದ ದಿಂಬಿಗೆ ಪೈಪಿಂಗ್: ಸಾದಾ ಮಷೀನಿನ್ಯಾಗೂ ಆಗ್ತದ

ಗುಳೇದಗುಡ್ಡ ಖಣದ (ಕುಪ್ಪಸದ ಬಟ್ಟಿ) ಕುಶನ್ ಕವರಿಗೆ ಪೈಪಿಂಗ್, ಅಂದ್ರ ಬಟ್ಟಿ ಪಟ್ಟಿಯೊಳಗ ಹುರಿ ಇಟ್ಟು ಹೊಲಿಯೋ ಅಂಚು, ಕೂಡಿಸೋರು ಮೊದಲ ಹತ್ತಿ ಹುರಿ ಬಿಸಿನೀರಾಗ ನೆನೆಸಿ ಒಣಗಿಸ್ರಿ. ಇಲ್ಲಂದ್ರ ಒಂದು ಸಲ ಒಗದಕೂಡ್ಲೇ ಹುರಿ ಕುಗ್ಗಿ ಅಂಚು ಸುಕ್ಕಾಗ್ತದ. 16 ಇಂಚಿನ ದಿಂಬಿಗೆ 68 ಇಂಚು ಹುರಿ. 4 ಮಿಮೀ ಹುರಿಗೆ ಸುತ್ತೋ ಪಟ್ಟಿ ಒಂದೂಮುಕ್ಕಾಲು ಇಂಚು ಅಗಲ, ಕ್ರಾಸ್ ಕಟಿಂಗೇ (ಬಟ್ಟಿ ಓರೆಯಾಗಿ ಕತ್ತರಿಸೂದು) ಆಗಬೇಕು. ನೇರ ಕತ್ತರಿಸಿದ್ದು ಮೂಲ್ಯಾಗ ಸಲೀಸಾಗಿ ಬಾಗೂದಿಲ್ಲ.

ಮಷೀನಿಗೆ ಒಂದು ಕಾಲಿನ ಝಿಪ್ ಫೂಟ್, 16 ನಂಬರ್ ಸೂಜಿ ಹಾಕ್ರಿ. ಹುರಿನ ಪಟ್ಟಿಯೊಳಗ ಹಿಡಿಯೋ ಮೊದಲನೇ ಹೊಲಿಗಿ ಹುರಿಗೆ ತೀರಾ ಹತ್ತಿರ ಹೊಡೀಬ್ಯಾಡ್ರಿ, ಒಂದು ದಾರದಷ್ಟು ಜಾಗ ಬಿಡ್ರಿ. ಕವರಿನ ಎರಡೂ ಬದಿ ಕೂಡಿಸೋ ಕಡೀ ಹೊಲಿಗಿ ಹುರಿಗೆ ಒತ್ತಿ ಬಂದ್ರ ಮೊದಲಿಂದು ಒಳಗ ಮುಚ್ಚಿಹೋಗ್ತದ. ಮೂಲ್ಯಾಗ ಪಟ್ಟಿ ಅಂಚಿಗೆ ಕತ್ತರಿಲೇ ಮೂರು ಕಚ್ಚು ಕೊಟ್ಟು, ಸೂಜಿ ಇಳಿಸಿ, ಫೂಟ್ ಎತ್ತಿ ಬಟ್ಟಿ ತಿರುಗಿಸ್ರಿ. ಪದರ ದಪ್ಪ ಇದ್ದಲ್ಲೆ ಪೆಡಲ್ ಒತ್ತಬ್ಯಾಡ್ರಿ, ಚಕ್ರ ಕೈಲೇ ತಿರುಗಿಸ್ರಿ; ಸಣ್ಣ ಮಷೀನಿನ ಸೂಜಿ ಮುರಿಯೂದು ಅಲ್ಲೇ.