ಹೊಸ ಕಾರಿನಲ್ಲಿ ಹಾಡು ಸಪ್ಪೆಯಾಗಿ ಕೇಳಿಸಿದರೆ ತಪ್ಪನ್ನು ಹುಡುಕುವ ಬಗೆ

ವರ್ಷಗಟ್ಟಲೆ ಕೇಳಿ ಬಲ್ಲ ಹಾಡೊಂದು ಹೊಸ ಕಾರಿನಲ್ಲಿ ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳಿಸಿದಾಗ ಆಗುವ ನಿರಾಸೆ ಸಣ್ಣದೇನಲ್ಲ. ಆಗ ಹೆಚ್ಚಿನವರು ನೇರವಾಗಿ ಸ್ಪೀಕರ್‌ಗಳ ಮೇಲೆ ತಪ್ಪು ಹೊರಿಸಿ, ಅವನ್ನು ಬದಲಿಸುವ ಯೋಚನೆಗೆ ಇಳಿಯುತ್ತಾರೆ. ನನ್ನ ಅನುಭವದಲ್ಲಿ ಸ್ಪೀಕರ್ ಎಲ್ಲಕ್ಕಿಂತ ಕೊನೆಯಲ್ಲಿ ನೋಡಬೇಕಾದ ಭಾಗ. ಫೋನಿನಲ್ಲಿರುವ ಹಾಡು ಕಿವಿಗೆ ತಲುಪುವ ಮೊದಲು ಆ್ಯಪ್, ಬ್ಲೂಟೂತ್, ಹೆಡ್ ಯೂನಿಟ್ (ಡ್ಯಾಶ್‌ಬೋರ್ಡಿನಲ್ಲಿರುವ ಮ್ಯೂಸಿಕ್ ಸಿಸ್ಟಮ್), ಆಂಪ್ಲಿಫೈಯರ್ (ಸ್ಪೀಕರಿಗೆ ಬೇಕಾದ ಶಕ್ತಿ ಕೊಡುವ ಭಾಗ), ವೈರು, ಸ್ಪೀಕರ್, ಅದನ್ನು ಕೂರಿಸಿರುವ ಬಾಗಿಲು ಇಷ್ಟನ್ನೂ ದಾಟಿ ಬರುತ್ತದೆ. ಆದ್ದರಿಂದ ಹುಡುಕಾಟವೂ ಅದೇ ದಾರಿಯಲ್ಲಿ, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾ ಸಾಗಬೇಕು.

ಪರೀಕ್ಷೆಯನ್ನು ಓಡುವ ಕಾರಿನಲ್ಲಿ ಮಾಡಬಾರದು. ಸದ್ದಿಲ್ಲದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಮತ್ತು ಎಸಿ ಫ್ಯಾನ್ ಆರಿಸಿ, ಕಿಟಕಿಗಳನ್ನು ಮುಚ್ಚಿ, ನಿಮಗೆ ಚೆನ್ನಾಗಿ ಗೊತ್ತಿರುವ ಎರಡು ಹಾಡುಗಳನ್ನು ಆರಿಸಿಕೊಳ್ಳಿ: ಒಂದರಲ್ಲಿ ಗಾಯಕರ ದನಿ ಮುಂದೆ ಇರಲಿ, ಇನ್ನೊಂದರಲ್ಲಿ ಆಳವಾದ ಬಾಸ್ ಇರಲಿ. ಟೈರುಗಳ ಸದ್ದು ಬಹುಪಾಲು ಕೆಳಸ್ವರಗಳದ್ದೇ ಆಗಿರುವುದರಿಂದ, ವೇಗ ಹೆಚ್ಚಿದಂತೆ ಅದು ಹಾಡಿನ ಬಾಸ್ ಅನ್ನು ನುಂಗಿಬಿಡುತ್ತದೆ. ನಿಂತಾಗ ತುಂಬಿದಂತಿದ್ದ ಹಾಡು ಓಡುವಾಗ ಮಾತ್ರ ತೆಳ್ಳಗಾದರೆ ಆಡಿಯೊ ವ್ಯವಸ್ಥೆಯಲ್ಲಿ ದೋಷವಿಲ್ಲವೆಂದೇ ತಿಳಿಯಬಹುದು.

ಮೊದಲು ಫೋನು. ಹಾಡಿನ ಆ್ಯಪ್‌ಗಳಲ್ಲಿ ಗುಣಮಟ್ಟದ ಸೆಟ್ಟಿಂಗ್ ಸಾಮಾನ್ಯವಾಗಿ ‘ಆಟೋ’ ಎಂದೇ ಇರುತ್ತದೆ, ಮೊಬೈಲ್ ಡೇಟಾಗೆ ಮತ್ತು ವೈಫೈಗೆ ಬೇರೆ ಬೇರೆಯಾಗಿಯೂ ಇರಬಹುದು; ಸಿಗ್ನಲ್ ಕುಗ್ಗಿದಾಗ ಅಥವಾ ಡೇಟಾ ಸೇವರ್ ಆನ್ ಇದ್ದಾಗ ಆ್ಯಪ್ ಸದ್ದಿಲ್ಲದೆ ಕಡಿಮೆ ಗುಣಮಟ್ಟಕ್ಕೆ ಇಳಿಯುತ್ತದೆ. ಹಾಡುಗಳನ್ನು ಅತ್ಯುನ್ನತ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿಕೊಂಡು ಈ ಸಂಶಯವನ್ನು ಬಗೆಹರಿಸಿಕೊಳ್ಳಿ. ಫೋನಿನ ಈಕ್ವಲೈಸರ್ (ಸ್ವರಗಳನ್ನು ಏರಿಳಿಸುವ ಸೆಟ್ಟಿಂಗ್) ಮತ್ತು ಧ್ವನಿ ಸುಧಾರಿಸುವ ಇತರ ಸೌಲಭ್ಯಗಳನ್ನು ಆಫ್ ಮಾಡಿ, ಏಕೆಂದರೆ ಅವು ಸಾಮಾನ್ಯವಾಗಿ ಇಯರ್‌ಫೋನಿಗೆ ಹೊಂದುವಂತೆ ಮಾಡಿದವು. ಅದರ ಮೇಲೆ ಕಾರಿನ ಈಕ್ವಲೈಸರ್ ಸೇರಿದರೆ ದನಿ ಕೆಸರಾಗುತ್ತದೆ. ಫೋನಿನ ವಾಲ್ಯೂಮ್ ಪೂರ್ತಿ ಏರಿದೆಯೇ ಎಂದೂ ನೋಡಿ. ಅಲ್ಲಿ ಕಡಿಮೆಯಿದ್ದರೆ ಕಾರಿನ ವಾಲ್ಯೂಮ್ ಏರಿಸಿದಷ್ಟೂ ಹಿನ್ನೆಲೆಯ ಗೊರಗೊರ ಸದ್ದೂ ಜೊತೆಗೇ ಏರುತ್ತದೆ.

ಬ್ಲೂಟೂತ್ ಮೇಲೆ ಹೊರಿಸುವಷ್ಟು ತಪ್ಪು ಅದರದ್ದಲ್ಲ. ಹಾಡು ನುಡಿಸುವ ಎಲ್ಲ ಬ್ಲೂಟೂತ್ ಸಾಧನಗಳಲ್ಲೂ ಇರುವ, ಹಾಡನ್ನು ಕುಗ್ಗಿಸಿ ಕಳಿಸುವ ಎಸ್‌ಬಿಸಿ ಕೋಡೆಕ್ ಉತ್ತಮ ಸ್ಥಿತಿಯಲ್ಲಿ ಸೆಕೆಂಡಿಗೆ ಸುಮಾರು 328 ಕಿಲೋಬಿಟ್ ಸಾಗಿಸುತ್ತದೆ; ಸಿಡಿಯ 1411ಕ್ಕೆ ಹೋಲಿಸಿದರೆ ಇದು ಕಡಿಮೆಯೆನಿಸಿದರೂ ಹಾಡು ಡಬ್ಬಿಯಂತಾಗಲು ಇದೊಂದೇ ಕಾರಣವಾಗಲಾರದು. ಆದರೆ ಫೋನ್ ಕರೆ ಮುಗಿದ ಬಳಿಕವೂ ಸಂಪರ್ಕ ಕರೆಯ ವಿಧಾನದಲ್ಲೇ ಸಿಕ್ಕಿಕೊಂಡರೆ ಹಾಡು ಮೋನೋ ಆಗಿ, ದೂರವಾಣಿಯ ದನಿಯಂತೆಯೇ ಕೇಳುತ್ತದೆ. ಆಗ ಜೋಡಣೆಯನ್ನು ಎರಡೂ ಕಡೆಯಿಂದ ಅಳಿಸಿ ಹೊಸದಾಗಿ ಜೋಡಿಸಬೇಕು. ಇಡೀ ಹುಡುಕಾಟದಲ್ಲಿ ಅತ್ಯಂತ ಬೆಲೆಬಾಳುವ ಪರೀಕ್ಷೆ ಪೆನ್‌ಡ್ರೈವಿನದು: ಅದೇ ಹಾಡಿನ ಫ್ಲ್ಯಾಕ್ ಅಥವಾ ವೇವ್ (ಗುಣಮಟ್ಟ ಕಳೆದುಕೊಳ್ಳದ) ಫೈಲನ್ನು ಅದರಲ್ಲಿ ಹಾಕಿ ನೇರವಾಗಿ ಕಾರಿನಲ್ಲಿ ನುಡಿಸಿ. ಅದು ಚೆನ್ನಾಗಿದ್ದರೆ ದೋಷ ಫೋನಿನಲ್ಲಿ ಅಥವಾ ಸಂಪರ್ಕದಲ್ಲಿದೆ. ಅದೂ ಸಪ್ಪೆಯಾಗಿದ್ದರೆ ಹೆಡ್ ಯೂನಿಟ್‌ನಿಂದ ಮುಂದಕ್ಕೆ ಹುಡುಕಬೇಕು. ಎಫ್‌ಎಂ ರೇಡಿಯೊ ಕೇಳಿ ಮಾತ್ರ ತೀರ್ಮಾನಕ್ಕೆ ಬರಬೇಡಿ, ಅದರ ಪ್ರಸಾರವೇ ಸುಮಾರು 15 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ.

ಹೆಡ್ ಯೂನಿಟ್‌ನಲ್ಲಿ ಬಾಸ್, ಮಿಡ್, ಟ್ರೆಬಲ್ ಮೂರನ್ನೂ ಸೊನ್ನೆಗೆ ತನ್ನಿ, ಸರೌಂಡ್ ಮತ್ತು ವೇಗಕ್ಕೆ ತಕ್ಕಂತೆ ದನಿ ಏರಿಸುವ ಸೌಲಭ್ಯವನ್ನು ಸದ್ಯಕ್ಕೆ ಆಫ್ ಮಾಡಿ, ಬ್ಯಾಲೆನ್ಸ್ (ಎಡ-ಬಲ) ಮತ್ತು ಫೇಡರ್ (ಮುಂದೆ-ಹಿಂದೆ) ಎರಡೂ ನಡುವಿನಲ್ಲಿ ಇರಲಿ. ಬಾಸ್ ಸಾಲದೆಂದು ಕಡ್ಡಿಯನ್ನು ತುದಿಗೆ ಏರಿಸುವುದು ಎಲ್ಲರೂ ಮಾಡುವ ಕೆಲಸ, ಹಾಡು ಕೆಡುವುದೂ ಬಹಳ ಸಲ ಅಲ್ಲಿಂದಲೇ. ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದ ಕಾರಿನಲ್ಲಿ ಹೆಡ್ ಯೂನಿಟ್‌ಗೆ ಸಿಗುವುದು ಸುಮಾರು 14.4 ವೋಲ್ಟ್; ಅದರಿಂದ 4 ಓಮ್ (ವಿದ್ಯುತ್ ತಡೆಯ ಅಳತೆ) ಇರುವ ಸ್ಪೀಕರಿಗೆ ಶುದ್ಧವಾಗಿ ಕೊಡಬಹುದಾದ ಶಕ್ತಿ ಲೆಕ್ಕದ ಪ್ರಕಾರವೇ ಸುಮಾರು 26 ವ್ಯಾಟ್, ನಷ್ಟ ಕಳೆದರೆ ಇನ್ನೂ ಕಡಿಮೆ. ಪೆಟ್ಟಿಗೆಯ ಮೇಲೆ 50 ವ್ಯಾಟ್ ಎಂದು ಬರೆದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಬಾಸ್ ಅನ್ನು 6 ಡೆಸಿಬಲ್ ಏರಿಸಿದರೆ ಆ ಸ್ವರಗಳಿಗೆ ನಾಲ್ಕು ಪಟ್ಟು ಶಕ್ತಿ ಬೇಕಾಗುತ್ತದೆ, ಅಷ್ಟು ಇಲ್ಲದ ಆಂಪ್ಲಿಫೈಯರ್ ಅಲೆಯ ತುದಿಯನ್ನು ಕತ್ತರಿಸಿ ಹಾಕುತ್ತದೆ, ಒಡಕು ದನಿ ಹುಟ್ಟುತ್ತದೆ. ಹಾಗಾಗಿ ಬೇಕಾದುದನ್ನು ಏರಿಸುವುದಕ್ಕಿಂತ ಹೆಚ್ಚಾದುದನ್ನು ಇಳಿಸುವುದು ಲೇಸು.

ಇಷ್ಟಾದ ಮೇಲೂ ಬಾಸ್ ಇಲ್ಲವೆಂದರೆ ಸ್ಪೀಕರ್ ವೈರಿನ ಪ್ಲಸ್ ಮತ್ತು ಮೈನಸ್ ಅದಲುಬದಲಾಗಿರುವ ಸಾಧ್ಯತೆಯನ್ನು ನೋಡಲೇಬೇಕು. ಒಂದು ಬಾಗಿಲಿನ ಸ್ಪೀಕರಿನ ಕೋನ್ (ಅದುರುವ ಪರದೆ) ಹೊರಕ್ಕೆ ಬರುವ ಹೊತ್ತಿಗೆ ಎದುರು ಬಾಗಿಲಿನದು ಒಳಕ್ಕೆ ಹೋದರೆ, ಎರಡು ಕಡೆಯಲ್ಲೂ ಒಂದೇ ತೆರನಾಗಿ ದಾಖಲಾಗಿರುವ ಕೆಳಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ನನ್ನ ಕಾರಿನಲ್ಲಿ ಆಗಿದ್ದು ಇದೇ. ಹಿಂದಿನ ಸ್ಪೀಕರ್‌ಗಳನ್ನು ಫೇಡರ್‌ನಿಂದ ನಿಲ್ಲಿಸಿ, ಬಾಸ್ ಇರುವ ಹಾಡನ್ನು ಹಚ್ಚಿ, ಬ್ಯಾಲೆನ್ಸ್ ಅನ್ನು ನಡುವಿನಿಂದ ಮೆಲ್ಲನೆ ಎಡಕ್ಕೆ ಸರಿಸುತ್ತಾ ಹೋದೆ. ನಡುವಿನಲ್ಲಿ ಗಾಯಕಿಯ ದನಿ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದಂತೆ ತಲೆಯ ಸುತ್ತ ಹರಡಿಕೊಂಡಿತ್ತು; ಪೂರ್ತಿ ಎಡಕ್ಕೆ ಬಂದಾಗ, ಒಂದೇ ಸ್ಪೀಕರ್ ನುಡಿಯುತ್ತಿದ್ದರೂ, ಡ್ರಮ್ಮಿನ ಗುದ್ದು ಬಾಗಿಲಿಗೆ ಆನಿಸಿದ್ದ ಮೊಣಕಾಲಿಗೆ ತಾಗಿತು. ಎರಡು ಸ್ಪೀಕರ್‌ಗಳಿಗಿಂತ ಒಂದರಲ್ಲಿ ಬಾಸ್ ಹೆಚ್ಚು ಕೇಳಿದರೆ ವೈರು ತಿರುಗಿದೆ ಎನ್ನಲು ಇದಕ್ಕಿಂತ ಸರಳ ಪರೀಕ್ಷೆ ಇಲ್ಲ. ಸರ್ವಿಸ್ ಸೆಂಟರಿನಲ್ಲಿ ಬಲ ಬಾಗಿಲಿನ ಡೋರ್ ಪ್ಯಾಡ್ ತೆಗೆದು ಎರಡು ವೈರು ಬದಲಿಸಿದ್ದಷ್ಟೇ, ಅದೇ ಸ್ಪೀಕರ್‌ಗಳಲ್ಲಿ ಹಾಡು ತುಂಬಿಕೊಂಡಿತು.

ಮುಂದೆ, ಬ್ಯಾಲೆನ್ಸ್ ಮತ್ತು ಫೇಡರ್ ಬಳಸಿ ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಕೇಳಿ. ಯಾವುದಾದರೂ ಮೂಲೆ ಮೌನವಾಗಿದೆಯೇ, ಕೀರಲಾಗಿದೆಯೇ ಎಂದು ಗಮನಿಸಿ, ಟ್ವೀಟರ್ (ಮೇಲ್ಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರ್) ಜಾಲರಿಗೆ ಕಿವಿ ಹತ್ತಿರ ತನ್ನಿ. ಕಡಿಮೆ ದರ್ಜೆಯ ಮಾದರಿಗಳಲ್ಲಿ ಕೆಲವೊಮ್ಮೆ ಜಾಲರಿ ಮಾತ್ರ ಇದ್ದು ಹಿಂದೆ ಟ್ವೀಟರ್ ಇರುವುದೇ ಇಲ್ಲ. ಆಗ ‘ಸ’, ‘ಶ’ಗಳು ಮೊಂಡಾಗಿ ಕೇಳುವುದು ಸಹಜ. ಬಾಸ್ ಬಂದಾಗ ಗಿರಗಿರ ಸದ್ದಾದರೆ ಬಾಗಿಲಿನ ಜೇಬಿನಲ್ಲಿರುವ ಬಾಟಲಿ, ನಾಣ್ಯಗಳನ್ನು ತೆಗೆದು, ಪ್ಯಾಡನ್ನು ಅಂಗೈಯಿಂದ ಅಲ್ಲಲ್ಲಿ ಒತ್ತಿ ನೋಡಿ. ಒತ್ತಿದ ಕಡೆ ಸದ್ದು ನಿಂತರೆ ಅಲ್ಲಿನ ಕ್ಲಿಪ್ ಸಡಿಲವಾಗಿದೆ. ಎಂಜಿನ್ ವೇಗದೊಂದಿಗೆ ಏರಿಳಿಯುವ ‘ಕುಂಯ್’ ಸದ್ದು ಬಂದರೆ ಮೊದಲು ಚಾರ್ಜರ್ ಕಿತ್ತು ನೋಡಿ. ಅದರಿಂದಲೂ ಹೋಗದಿದ್ದರೆ ಅರ್ತಿಂಗ್ ದೋಷವಿರಬಹುದು.

ಸ್ಪೀಕರ್ ಪಳಗಿದ ಮೇಲೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಿ ವಾರಂಟಿಯ ದಿನಗಳನ್ನು ಕಳೆಯಬೇಡಿ. ಪಳಗುವುದರಿಂದ ಆಗುವ ಬದಲಾವಣೆ ತೀರಾ ಚಿಕ್ಕದು, ಬಹುಪಾಲು ಪಳಗುವುದು ಕಿವಿಯೇ. ಷೋರೂಮಿಗೆ ಹೋದಾಗ ಅದೇ ಪೆನ್‌ಡ್ರೈವ್ ಒಯ್ದು, ಅದೇ ಮಾದರಿಯ, ಅದೇ ದರ್ಜೆಯ ಇನ್ನೊಂದು ಕಾರಿನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ನುಡಿಸಲು ಕೇಳಿ. ವ್ಯತ್ಯಾಸ ಅವರ ಕಿವಿಗೇ ಬಿದ್ದರೆ ವಾದದ ಅಗತ್ಯ ಉಳಿಯುವುದಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿ ಇದೆಯೇ ಎಂದು ವಿಚಾರಿಸಿ, ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ.

ಎರಡೂ ಕಾರುಗಳು ಒಂದೇ ರೀತಿ ಕೇಳಿದರೆ ನಿಮ್ಮ ಕಾರಿನಲ್ಲಿ ದೋಷವಿಲ್ಲ, ಆ ವ್ಯವಸ್ಥೆಯ ಮಿತಿಯೇ ಅಷ್ಟು. ಆಗ ಬದಲಾವಣೆಗೆ ಇಳಿಯಬಹುದು, ಆದರೆ ಕಂಪನಿಯ ವೈರುಗಳನ್ನು ಕತ್ತರಿಸದೆ, ಹೊಂದುವ ಕಪ್ಲರ್ (ವೈರು ಜೋಡಿಸುವ ಪ್ಲಗ್) ಬಳಸಿಯೇ ಕೆಲಸ ಮಾಡಿಸಿ. ಪ್ರತ್ಯೇಕ ಆಂಪ್ಲಿಫೈಯರ್ ಜೊತೆ ಬಂದ ವ್ಯವಸ್ಥೆಯಾದರೆ ಅದರ ಸ್ಪೀಕರ್‌ಗಳು 2 ಓಮ್‌ನವೂ ಆಗಿರಬಹುದು, ಆಂಪ್ಲಿಫೈಯರ್ ಅವಕ್ಕೆಂದೇ ಟ್ಯೂನ್ ಆಗಿರುತ್ತದೆ. ಅಂಥಲ್ಲಿ ದುಬಾರಿ ಸ್ಪೀಕರ್ ಹಾಕಿದರೂ ದನಿ ಇನ್ನಷ್ಟು ಕೆಡುವುದುಂಟು. ಸಾಮಾನ್ಯ ವ್ಯವಸ್ಥೆಯಲ್ಲಿ ಮುಂದಿನ ಎರಡು ಸ್ಪೀಕರ್‌ಗಳನ್ನು ಬದಲಿಸಿ, ಬಾಗಿಲಿನ ತಗಡಿಗೆ ಕಂಪನ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಅಂಟಿಸಿ, ಒಳಗಿನ ತೂತುಗಳನ್ನು ಮುಚ್ಚಿಸಿ. ಸ್ಪೀಕರಿನ ಹಿಂಬದಿಯ ಅಲೆ ಮುಂಬದಿಯದರೊಂದಿಗೆ ಬೆರೆಯುವುದು ನಿಂತರೆ ಬಾಸ್ ಎಷ್ಟು ಗಟ್ಟಿಯಾಗುತ್ತದೆ ಎಂಬುದು ಮೊದಲ ಹಾಡಿಗೇ ತಿಳಿಯುತ್ತದೆ. ಹಿಂದಿನ ಬಾಗಿಲುಗಳ ವಿಚಾರವನ್ನು ಆಮೇಲೆ ನೋಡಿಕೊಳ್ಳಬಹುದು.